ಪಥ್ಯ ತಪ್ಪಿದ ಕತ್ತೆ

ಕೋಲಾರದಲ್ಲಿ ಓಡಾಡುವವರು ಆ ಫ್ಲೆಕ್ಸ್ ನೋಡಿರುತ್ತೀರಿ. ಎಡಕ್ಕೆ ಸೊರಗಿದ ಮುಖ, ಬಲಕ್ಕೆ ಅದೇ ಮುಖ ಪೌಡರ್ ಬಳಿದುಕೊಂಡು. ‘ಚೂರ್ಣ ಸೇವಿಸಿದ 100 ಜನರಲ್ಲಿ 98 ಮಂದಿಗೆ ಶುಗರ್ ಮಾಯ!’ ಉಳಿದ ಇಬ್ಬರ ಮೇಲೆ ನನಗೆ ಬಹಳ ಗೌರವ. ಎಂಥ ಹಟಮಾರಿಗಳು!

ಅಂಗಡಿಯವನನ್ನೇ ಕೇಳಿದೆ. ಅರ್ಧಕ್ಕೆ ಬಿಟ್ಟವರೂ ಲೆಕ್ಕದಲ್ಲಿದ್ದಾರಾ?

‘ಅವ್ರನ್ನ ಯಾಕೆ ಸಾರ್ ಸೇರಿಸೋದು? ಅವ್ರು ಪಥ್ಯ ಮಾಡಿಲ್ಲ.’

ಚೂರ್ಣ ತಿನ್ನದವರ ಜೊತೆ ಹೋಲಿಸಿ ನೋಡಿದ್ದೀರಾ?

‘ತಿನ್ನದೇ ಇದ್ರೆ ಹೇಗೆ ಸಾರ್ ವಾಸಿಯಾಗುತ್ತೆ?’

ನಮ್ಮ ಕಡೆ ಕತ್ತೆ ಮದುವೆಯೂ ಹೀಗೇ ಅಲ್ವಾ? ಜೂನ್‌ನಲ್ಲಿ ಯಾರೂ ಮಾಡುವುದಿಲ್ಲ. ಕಾದು ಕಾದು, ರಾಗಿ ಪೈರು ಬಾಡಿ, ಇನ್ನೇನು ಮಳೆ ಬರಲೇಬೇಕು ಅನ್ನುವ ಹೊತ್ತಿಗೆ ವಾಲಗ ಊದಿಸುತ್ತಾರೆ. ಮಳೆ ಬರುತ್ತದೆ. ಕತ್ತೆಗೆ ಇನ್ನೊಂದು ಹಾರ. ಮದುವೆ ಮಾಡದ ಪಕ್ಕದೂರಲ್ಲೂ ಅದೇ ಮೋಡ ಸುರಿದಿರುತ್ತದೆ. ಅದನ್ನು ನೋಡಿ ಬರುವವರು ಯಾರು? ಮಳೆ ಬರಲಿಲ್ಲವೋ, ಕತ್ತೆ ಪಥ್ಯ ಮಾಡಿಲ್ಲ.

ಬ್ರಿಟನ್ನಿನವರಿಗೆ ಈ ಜಾಣತನ ಇರಲಿಲ್ಲ, ಪಾಪ. ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಹಿಡಿಯುತ್ತದಾ ಎಂದು ನೋಡಲು ಮುಚ್ಚಿದ ಲಕೋಟೆ ಇಟ್ಟರು. ಯಾರಿಗೆ ಔಷಧಿ ಅನ್ನುವುದು ಡಾಕ್ಟರ ಕೈಯಲ್ಲಿರಲಿಲ್ಲ, ಒಳಗಿನ ಚೀಟಿ ಹೇಳುತ್ತಿತ್ತು. ಆರು ತಿಂಗಳಲ್ಲಿ ಔಷಧಿ ಸಿಕ್ಕ 55 ಜನರಲ್ಲಿ 4 ಸಾವು, ಸಿಗದ 52 ಜನರಲ್ಲಿ 14. ಸತ್ತವರನ್ನೂ ಎಣಿಸಿ 1948ರಲ್ಲಿ ಅಚ್ಚು ಹಾಕಿಸಿದರು. ಹೀಗಾದರೆ ವ್ಯಾಪಾರ ಆಗುತ್ತಾ?

ನಮ್ಮ ಅಂಗಡಿಯವನ ಲೆಕ್ಕವನ್ನೂ ಅಮೆರಿಕದಲ್ಲಿ ಹಾಕಿ ನೋಡಿದ್ದಾರೆ. ಹಾರ್ಟ್ ಅಟ್ಯಾಕ್ ಆದವರಿಗೆ ಕ್ಲೋಫೈಬ್ರೇಟ್ ಅನ್ನುವ, ರಕ್ತದ ಕೊಬ್ಬು ಇಳಿಸುವ ಔಷಧಿ ಕೊಟ್ಟ ಪರೀಕ್ಷೆ. ತಪ್ಪದೆ ನುಂಗಿದವರಲ್ಲಿ ಐದು ವರ್ಷಕ್ಕೆ ಸತ್ತವರು ಶೇ. 15. ಆಹಾ! ಆದರೆ ಔಷಧಿಯೇ ಇಲ್ಲದ ಡಮ್ಮಿ ಮಾತ್ರೆಯನ್ನು ತಪ್ಪದೆ ನುಂಗಿದವರಲ್ಲೂ ಶೇ. 15! ಅದೇ ಡಮ್ಮಿಯನ್ನು ಸರಿಯಾಗಿ ನುಂಗದವರಲ್ಲಿ ಶೇ. 28. ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗುವ ಮನುಷ್ಯ ಊಟ, ನಿದ್ದೆ, ನಡಿಗೆ ಎಲ್ಲದರಲ್ಲೂ ಅಚ್ಚುಕಟ್ಟು ಇರಬಹುದು. ಬಿಟ್ಟವರನ್ನು ಆಚೆ ಹಾಕಿದರೆ ರಾಗಿ ಹಿಟ್ಟೂ ಔಷಧಿಯೇ. ಅದಕ್ಕೇ ಚೀಟಿಯಲ್ಲಿ ಯಾವ ಗುಂಪು ಬಂತೋ, ನುಂಗಲಿ ಬಿಡಲಿ, ಕೊನೆವರೆಗೂ ಅದೇ ಗುಂಪಲ್ಲಿ ಎಣಿಸಬೇಕು.

ಇದನ್ನೆಲ್ಲ ನಗಾಡಿಕೊಂಡು ಬರೆಯಲು ಕೂತೆ. ಆಗುತ್ತಿಲ್ಲ. ನಮ್ಮ ಚಿಕ್ಕಪ್ಪ ಇಂಥದ್ದೇ ಒಂದು ಚೂರ್ಣ ನಂಬಿ ಇನ್ಸುಲಿನ್ ನಿಲ್ಲಿಸಿದರು. ಎರಡು ಕಾಲ್ಬೆರಳು ಕತ್ತರಿಸಬೇಕಾಯಿತು. ಮಾರಿದವನನ್ನು ಹೋಗಿ ಕೇಳಿದರೆ ಡೈರಿ ತೆಗೆದು ತೋರಿಸಿದ. ಹೆಸರಿನ ಮುಂದೆ ಬರೆದಿತ್ತು: ‘ಅರ್ಧಕ್ಕೆ ಬಿಟ್ಟರು’. ಆಸ್ಪತ್ರೆಯಲ್ಲಿದ್ದ ಎಂಟು ದಿನ ಅವರು ಚೂರ್ಣ ತಿಂದಿರಲಿಲ್ಲವಂತೆ.