ಹುಳ ಅಂದುಕೊಂಡದ್ದು ಕಪ್ಪೆ!
ಸರಾಸರಿ 7.7 ಮಿ.ಮೀ. ಉದ್ದದ ಪಪುವಾ ನ್ಯೂಗಿನಿಯ ಕಪ್ಪೆಯೇ ಜಗತ್ತಿಗೆಲ್ಲ ಚಿಕ್ಕದು ಎಂದು ಬರೆದಿದ್ದೀರಿ. ಆ ಪಟ್ಟ ಈಗ ಕೈತಪ್ಪಿದೆ ಸರ್. ಚಿಗಟದ ಹೆಸರಿಟ್ಟ ಬ್ರೆಜಿಲ್‌ನ ಕಪ್ಪೆ ಜಾತಿಯೊಂದರ ವಯಸ್ಕ ಗಂಡೊಂದು 6.45 ಮಿ.ಮೀ. ಅಷ್ಟೇ ಇದೆ ಎಂದು 2024ರಲ್ಲಿ ವರದಿಯಾಗಿದೆ.

ಆದರೂ ಪಪುವಾ ನ್ಯೂಗಿನಿಯ ಆ ಕಪ್ಪೆ ಸಿಕ್ಕಿದ ಅಮಾವು ಹಳ್ಳಿಯ ಕತೆಯೇ ನನಗೆ ಜಾಸ್ತಿ ಇಷ್ಟ. ಕಾಡಲ್ಲಿ ಹುಳದ ಹಾಗೆ ಟಿಕ್ ಟಿಕ್ ಸದ್ದು, ಕಣ್ಣಿಗೆ ಮಾತ್ರ ಏನೂ ಬೀಳದು. ಕೊನೆಗೆ ವಿಜ್ಞಾನಿಗಳು ತರಗೆಲೆಯನ್ನೇ ಬಾಚಿ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಒಂದೊಂದೇ ಎಲೆ ಎತ್ತಿ ನೋಡಿದರು. ಒಂದರಿಂದ ಟಣ್ಣನೆ ಕಪ್ಪೆ ಹಾರಿತು! ಇದಕ್ಕೆ ಗೊದಮೊಟ್ಟೆ ಹಂತವೂ ಇಲ್ಲ, ಮೊಟ್ಟೆಯೊಡೆದರೆ ನೇರ ಮರಿಗಪ್ಪೆ.

2016ರಲ್ಲಿ ಹೆಸರು ಪಡೆದ ಮಣಿಪಾಲದ ಮುರಕಲ್ಲು ಕಪ್ಪೆಯ ಕೂಗೂ ಜೀರುಂಡೆಯಂತೆಯೇ ಅಲ್ವಾ? ಅದನ್ನು ಕೇಳಿಯೂ ಎಷ್ಟು ಜನ ಸುಮ್ನೆ ದಾಟಿ ಹೋಗಿದ್ದಾರೋ!