ವೈನೂ ಬೀನೊ, ಬಂದದ್ದೂ ಬೀನೊ

ಸ್ಪ್ಯಾನಿಶ್‌ನಲ್ಲಿ ಒಂದು ಗೀಟು ಬಿಟ್ಟರೆ ಎಷ್ಟು ನಷ್ಟ? ಒಂದು ಹೋಟೆಲ್ ಬಿಲ್ಲಿನಷ್ಟು. ‘ಯಾ ಪಗೋ’ ಅಂದರೆ ‘ಅವನು ಆಗಲೇ ದುಡ್ಡು ಕೊಟ್ಟ’. ಕೊನೆಯ ಓ ತಲೆಯ ಮೇಲಿನ ಓರೆಗೀಟನ್ನು ಮೊಬೈಲಿನಲ್ಲಿ ಒತ್ತಲು ಸೋಮಾರಿತನ ಮಾಡಿದಿರೋ, ಅದು ‘ಯಾ ಪಾಗೊ’ ಆಗುತ್ತದೆ: ‘ಇಗೋ, ನಾನೇ ಕೊಡ್ತೀನಿ’. ಗುಂಪಿನವರೆಲ್ಲ ಹೆಬ್ಬೆರಳೆತ್ತಿದ ಮೇಲೆ ವ್ಯಾಕರಣ ವಿವರಿಸಿ ಪ್ರಯೋಜನವಿಲ್ಲ. ಸಾಲದ್ದಕ್ಕೆ ‘ಪಾಗೊ’ ನಾಮಪದವೂ ಹೌದು, ಪಾವತಿ ಅಂತ.

ನಮ್ಮ ಹಾಡು, ನಗು, ಬೆಳೆಗಳಿಗೂ ಇಂಥ ಎರಡು ವೇಷ ಉಂಟು. ಆದರೆ ಕನ್ನಡದ ಕ್ರಿಯಾಪದಕ್ಕೆ ‘ತ್ತೇನೆ’, ‘ತ್ತಾಳೆ’ ಎಂಬ ಉದ್ದ ಬಾಲವಿರುವುದರಿಂದ ಗೊಂದಲವೆಲ್ಲ ಹೆಚ್ಚಾಗಿ ‘ಹಾಡು!’ ಎಂದು ಅಪ್ಪಣೆ ಕೊಡುವಲ್ಲಿಗೇ ಮುಗಿಯುತ್ತದೆ. ಸ್ಪ್ಯಾನಿಶ್‌ನ ಬಾಲ ಒಂದೇ ಒಂದು ಸ್ವರ. ‘ಆರ್’ ಎಂದು ಮುಗಿಯುವ ಧಾತುಗಳಲ್ಲಿ ‘ನಾನು’ ಅನ್ನುವುದಕ್ಕೆ ಒ, ‘ಅವಳು’ ಅನ್ನುವುದಕ್ಕೆ ಅ. ಪುಲ್ಲಿಂಗ ನಾಮಪದಗಳು ಬಹುಪಾಲು ಮುಗಿಯುವುದೂ ಒ, ಸ್ತ್ರೀಲಿಂಗದವು ಅ. ಡಿಕ್ಕಿ ಹೊಡೆಯದೆ ಇನ್ನೇನು? ‘ತ್ರಬಾಹೊ’ ಅಂದರೆ ಕೆಲಸ, ಕೆಲಸ ಮಾಡುತ್ತೇನೆ. ‘ದೂದ’ ಅಂದರೆ ಅನುಮಾನ, ಅನುಮಾನಪಡುತ್ತಾಳೆ. ಇವು ಒಂದೇ ಮನೆಯವು, ತಪ್ಪು ತಿಳಿದರೂ ಅರ್ಥ ಪಕ್ಕದ ಕೋಣೆಯಲ್ಲೇ ಸಿಗುತ್ತದೆ.

ಕಾಟ ಕೊಡುವವು ನೆಂಟಸ್ತಿಕೆಯೇ ಇಲ್ಲದೆ ಒಂದೇ ಮುಖ ಹೊತ್ತವು. ಲ್ಯಾಟಿನ್ನಿನ ‘ವೀನುಮ್’ (ದ್ರಾಕ್ಷಾರಸ), ‘ವೇನಿತ್’ (ಬಂದ) ಎರಡೂ ಸವೆದು ಸವೆದು ‘ಬೀನೊ’ ಆದವು. ‘ಫ್ಲಮ್ಮ’ ಅಂದರೆ ಜ್ವಾಲೆ, ‘ಕ್ಲಾಮತ್’ ಅಂದರೆ ಕೂಗುತ್ತಾನೆ. ಕ್ಯಾಸ್ಟೀಲಿಯನ್ನರ (ಸ್ಪ್ಯಾನಿಶ್ ಹುಟ್ಟಿದ ನಾಡಿನವರ) ಬಾಯಲ್ಲಿ ಪದದ ಮೊದಲ ಫ್ಲ, ಕ್ಲ ಒಂದೇ ಉಚ್ಚಾರಕ್ಕೆ ಬಂದು, ಎರಡೂ ಇವತ್ತು ‘ಯಾಮ’. ಇಷ್ಟಕ್ಕೇ ನಿಲ್ಲಲಿಲ್ಲ. ಆಂಡೀಸ್ ಪರ್ವತದ ಕೆಚುವಾ ಭಾಷೆಯಿಂದ ಉಣ್ಣೆಯ ಪ್ರಾಣಿಯೊಂದು, ನಾವು ಲಾಮಾ ಅನ್ನುವುದು, ಅದೇ ಹೆಸರು ಹೊತ್ತು ಬಂತು. ಹಾಗಾಗಿ ‘ಲ ಯಾಮ ಯಾಮ ಅ ಲ ಯಾಮ’ ಅನ್ನುವುದು ತೊದಲಲ್ಲ, ಜ್ವಾಲೆಯು ಯಾಮವನ್ನು ಕರೆಯುತ್ತದೆ ಎಂಬ ಶುದ್ಧ ವಾಕ್ಯ. ಯಾಕೆ ಕರೆಯುತ್ತದೋ, ಅದು ಬೇರೆ ಪ್ರಶ್ನೆ.

ಬಿಡಿಸುವುದು ಹೇಗೆ? ಹಿಂದಿನ ಪದ ನೋಡಿ ಅನ್ನುತ್ತಾರೆ ಮೇಷ್ಟ್ರುಗಳು. ಪುಲ್ಲಿಂಗದ ಗುರುತಾದ ‘ಎಲ್’ ಇದ್ದರೆ ನಾಮಪದ. ‘ನೊ’ (ಇಲ್ಲ), ‘ಮೆ’ (ನನ್ನನ್ನು), ‘ಸೆ’ (ತನ್ನನ್ನು) ಇದ್ದರೆ ಕ್ರಿಯಾಪದ. ‘ಎಲ್ ಬೀನೊ’ ವೈನು. ಆ ‘ಎ’ ಮೇಲೆ ಗೀಟು ಬಿತ್ತೋ, ‘ಅವನು ಬಂದ’. ಇಲ್ಲಿಯವರೆಗೆ ಸರಿ. ಆದರೆ ‘ಲ’ ಎಂಬ ಮನೆಮುರುಕನನ್ನು ನಂಬಬೇಡಿ. ಅದು ಸ್ತ್ರೀಲಿಂಗದ ಗುರುತೂ ಹೌದು, ‘ಅವಳನ್ನು, ಅದನ್ನು’ ಎಂಬ ಸರ್ವನಾಮವೂ ಹೌದು. ‘ಲ ಕ್ವೆಂತ’ ಬಿಲ್ಲೂ ಆಗಬಹುದು, ‘ಅದನ್ನು ಹೇಳುತ್ತಾನೆ’ ಕೂಡ. ‘ಲ ಕೂರ’ ಚಿಕಿತ್ಸೆ, ‘ಎಲ್ ಕೂರ’ ಪಾದ್ರಿ, ‘ಎಲ್ ಕೂರ ಲ ಕೂರ’ ಅಂದರೆ ಪಾದ್ರಿ ಅವಳನ್ನು ಗುಣಪಡಿಸುತ್ತಾನೆ. ‘ಲ’ ಕಂಡಾಗ ವಾಕ್ಯದಲ್ಲಿ ಬೇರೆ ಕ್ರಿಯಾಪದ ಆಗಲೇ ಕೂತಿದೆಯೇ ಎಂದು ಹುಡುಕಿ. ‘ಮರೀಅ ಆಥೆ ಲ ಕೋಂಪ್ರ’ದಲ್ಲಿ ‘ಆಥೆ’ (ಮಾಡುತ್ತಾಳೆ) ಇದೆ, ಆದ್ದರಿಂದ ‘ಕೋಂಪ್ರ’ ಖರೀದಿ. ‘ಮರೀಅ ಲ ಕೋಂಪ್ರ’ದಲ್ಲಿ ಇನ್ಯಾರೂ ಇಲ್ಲ, ಕೆಲಸ ಅದರ ತಲೆಗೇ: ಅದನ್ನು ಕೊಳ್ಳುತ್ತಾಳೆ.

ಕನ್ನಡಿಗರಿಗೆ ಮಾತ್ರ ಒಂದು ಸೌಲಭ್ಯವಿದೆ. ಟಿಪ್ಪಣಿಯನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳುವವರು ಒತ್ತು ಬೀಳುವಲ್ಲಿ ದೀರ್ಘ ಹಾಕಿದರೆ ಅರ್ಧ ಯುದ್ಧ ಗೆದ್ದಂತೆ. ‘ತೇರ್ಮಿನೊ’ ಅವಧಿ, ‘ತೆರ್ಮೀನೊ’ ಮುಗಿಸುತ್ತೇನೆ, ‘ತೆರ್ಮಿನೋ’ ಮುಗಿಸಿದ. ಒಂದು ಪದಕ್ಕೆ ಒಂದೇ ದೀರ್ಘ, ಮರೆಯಬೇಡಿ. ಫೋಟೋ, ರೇಡಿಯೋ ಬರೆದು ಪಳಗಿದ ಕೈ ಕೊನೆಗೊಂದು ‘ಓ’ ತಾನಾಗಿಯೇ ಎಳೆಯುತ್ತದೆ. ಹಾಗೆ ಹುಟ್ಟಿದ ‘ಪಾಗೋ’ ಕೊಡುವುದೂ ಇಲ್ಲ, ಕೊಟ್ಟೂ ಇಲ್ಲ.

ಲ್ಯಾಟಿನ್ ಅಮೆರಿಕದಲ್ಲಿ ಈ ಉಪಾಯವೂ ಕೈಕೊಡುತ್ತದೆ. ಮ್ಯಾಡ್ರಿಡ್ಡಿನಲ್ಲಿ ‘ಸೆ ಕಾಸ’ ಅಂದರೆ ಮದುವೆಯಾಗುತ್ತಾನೆ, ‘ಸೆ ಕಾಥ’ ಅಂದರೆ ಬೇಟೆಯಾಡಲಾಗುತ್ತದೆ. ಮೆಕ್ಸಿಕೋದಲ್ಲಿ ‘ಥ’ ಇಲ್ಲ, ಎರಡೂ ‘ಸೆ ಕಾಸ’. ಅಲ್ಲಿನವರು ಬೇಟೆಗೆ ‘ಕಸೆರೀಅ’ ಎಂಬ ಬೇರೆ ಪದವನ್ನೇ ಹೆಚ್ಚಾಗಿ ಬಳಸುತ್ತಾರೆ. ಮದುಮಕ್ಕಳ ಹಿತದೃಷ್ಟಿಯಿಂದ ಒಳ್ಳೆಯದೇ.

ಇನ್ನು ಉಪ್ಪು. ‘ಸಾಲ್’ ಅಂದರೆ ಉಪ್ಪು. ‘ಆಚೆ ಹೋಗು’ ಕೂಡ ಅದೇ. ಮಾಣಿಯ ಮುಖ ನೋಡಿ ಬರೀ ‘ಸಾಲ್!’ ಎಂದು ಗದರದೆ ‘ಮೆ ತ್ರಾಎ ಸಾಲ್, ಪೊರ್ ಫಬೋರ್’ (ದಯವಿಟ್ಟು ಉಪ್ಪು ತಂದುಕೊಡ್ತೀರಾ) ಅನ್ನಿ. ಇದೇ ‘ಸಾಲ್’ಗೆ ‘ಅವನಿಗೆ’ ಎಂಬ ‘ಲೆ’ ಸೇರಿಸಿ ‘ಹೋಗಿ ಅವನನ್ನು ಎದುರುಗೊಳ್ಳು’ ಅನ್ನಬಹುದು. ಬಾಯಲ್ಲಿ ಸಲೀಸು, ಬರೆಯಲು ಹೋದರೆ ಎರಡು ‘ಎಲ್’ ಅಕ್ಷರ ಒಟ್ಟಿಗೆ ನಿಂತು ‘ಯ’ ಆಗಿ ‘ಸಾಯೆ’ ಎಂದು ಓದಿಸಿಕೊಳ್ಳುತ್ತವೆ. ಭಾಷೆಯ ನಿಯಮ ಹೇಳುವ ಸ್ಪೇನಿನ ರಾಯಲ್ ಅಕಾಡೆಮಿ ಕೈಚೆಲ್ಲಿದೆ: ಈ ರೂಪವನ್ನು ಸ್ಪ್ಯಾನಿಶ್ ಬರಹದಲ್ಲಿ ತೋರಿಸಲು ಸಾಧ್ಯವಿಲ್ಲ. ಕನ್ನಡದಲ್ಲಾದರೆ ಒಂದು ಒತ್ತಕ್ಷರದ ಕೆಲಸ: ಸಾಲ್ಲೆ.