ಅರ್ಧ ಗಂಟೆಗೆ ಜಾಗವಿಲ್ಲದ ತಂತ್ರಾಂಶ

ಮಡಿಕೇರಿ ಬಳಿಯ ನಮ್ಮ ಕಾಫಿ ತೋಟದ ಮಳೆಮಾಪಕವು ಸಮಯವನ್ನು 1970ರ ಜನವರಿ 1ರಿಂದ ಎಣಿಸಿದ ಸೆಕೆಂಡುಗಳಲ್ಲಿ ದಾಖಲಿಸುತ್ತದೆ. ಅದನ್ನು ದಿನಾಂಕಕ್ಕೆ ಪರಿವರ್ತಿಸುವ ತಂತ್ರಾಂಶವು ನಿನ್ನೆ ಮತ್ತೆ ಹೂಮಳೆಯ, ಅಂದರೆ ಕಾಫಿ ಹೂ ಅರಳಿಸುವ ಮಳೆಯ, ಲೆಕ್ಕವನ್ನೇ ಕೆಡಿಸಿತು. ಬೆಳಗಿನ ಜಾವ ಎರಡಕ್ಕೆ ಸುರಿದ ಮಳೆಯನ್ನು ಹಿಂದಿನ ರಾತ್ರಿ ಎಂಟೂವರೆಗೆ ತೋರಿಸಿದರೆ, ಹೂ ಅರಳುವ ದಿನವನ್ನು ಯಾವುದರಿಂದ ಎಣಿಸಬೇಕು? ಭಾರತೀಯ ಕಾಲಮಾನವು ಜಾಗತಿಕ ಪ್ರಮಾಣ ಸಮಯವಾದ ಯುಟಿಸಿಗಿಂತ ಐದೂವರೆ ಗಂಟೆ ಮುಂದಿದೆ ಎಂಬುದು ಇದನ್ನು ರೂಪಿಸಿದವರಿಗೆ ತಿಳಿಯದೆ? ಅದರ ಸಮಯವಲಯಗಳ ಪಟ್ಟಿಯಲ್ಲಿ ಐದಿದೆ, ಆರಿದೆ, ನಡುವಿನ ಅರ್ಧ ಗಂಟೆಗೆ ಮಾತ್ರ ಜಾಗವಿಲ್ಲ. ಹದಿಮೂರು ಅಂಕಿಯ ಮಿಲಿಸೆಕೆಂಡುಗಳನ್ನು ಕೊಟ್ಟರೆ ಕೆಲವೊಮ್ಮೆ ಸೆಕೆಂಡುಗಳೆಂದು ಓದಿ ಐವತ್ತು ಸಾವಿರ ದಾಟಿದ ಇಸವಿಯನ್ನು ಕೊಡುತ್ತದೆ. ಹತ್ತು ಅಂಕಿಯ ಸೆಕೆಂಡುಗಳನ್ನು ಕೆಲವೊಮ್ಮೆ ಮಿಲಿಸೆಕೆಂಡೆಂದು ಓದಿ 1970ರ ಜನವರಿಗೆ ತಳ್ಳುತ್ತದೆ. ಇಷ್ಟಾದರೂ ತಪ್ಪೆಂಬ ಒಂದು ಎಚ್ಚರಿಕೆ ಬೇಡವೆ? ಅದು ಕೊಡುವ ದಿನಾಂಕ 03/04 ಎಂದರೆ ಮಾರ್ಚೋ ಏಪ್ರಿಲ್ಲೋ ತಿಳಿಯದು. ಹೂಮಳೆಯಂತೂ ಆ ಎರಡೂ ತಿಂಗಳುಗಳಲ್ಲಿ ಬೀಳಬಹುದು.